ಬುಡ್ಡೆಹಣ್ಣು: ಹಿತ್ತಲಲ್ಲಿರಲಿ, ಮೇವಿನ ಹೊರೆಯಲ್ಲಿ ಬೇಡ



ಮುಂಗಾರು ಬಿದ್ದು ಎರಡು ವಾರ ಕಳೆಯುವಷ್ಟರಲ್ಲಿ ರಾಗಿ, ಮುಸುಕಿನ ಜೋಳ, ಕಡಲೆಕಾಯಿ ಹೊಲಗಳಲ್ಲಿ ಪೈರಿನ ಜೊತೆಗೇ ಕಳೆಯೂ ಏಳುತ್ತದೆ. ಆ ಕಳೆಗಳಲ್ಲಿ ಬುಡ್ಡೆಹಣ್ಣಿನ ಗಿಡವೂ ಒಂದು. ಕೆಲವು ಊರುಗಳಲ್ಲಿ ಇದನ್ನೇ ಗುಪ್ಪಟೆ ಹಣ್ಣು ಎನ್ನುತ್ತಾರೆ. ಆಕಾಶಬುಟ್ಟಿಯ ಹಾಗೆ ಉಬ್ಬಿದ ತೆಳು ಸಿಪ್ಪೆ, ಅದರೊಳಗೆ ಒಂದೇ ಒಂದು ಉರುಟು ಹಣ್ಣು. ಮಕ್ಕಳು ಆ ಬುಡ್ಡೆಯನ್ನು ಹಣೆಗೆ ಬಡಿದು ಟಪ್ಪೆನ್ನಿಸಿ, ಒಳಗಿನ ಹಣ್ಣನ್ನು ಬಾಯಿಗೆ ಹಾಕಿಕೊಳ್ಳುತ್ತಾರೆ. ಅದೇ ಹೊಲದಲ್ಲಿ ಕಳೆ ಕಿತ್ತ ತಾಯಿ ಸಂಜೆ ಆ ಕಳೆಯನ್ನೇ ಹೊರೆ ಕಟ್ಟಿ ಹಸುವಿಗೆ ತರುತ್ತಾಳೆ.

ಹೀಗೆ ಒಂದೇ ಗಿಡ ಮಗುವಿನ ಬಾಯಿಗೂ ಹೋಗುತ್ತದೆ, ಹಸುವಿನ ಗೋದಲಿಗೂ ಹೋಗುತ್ತದೆ. ಮಾಗಿದ ಹಣ್ಣು ಮಗುವಿಗೆ ಒಳ್ಳೆಯದು. ಹಸಿರು ಗಿಡ ಹಸುವಿಗೆ ಒಳ್ಳೆಯದಲ್ಲ. ಪಶುವೈದ್ಯರು ಹಣ್ಣಿನ ಗಿಡದ ಬಗ್ಗೆ ಏಕೆ ಬರೆಯಬೇಕು ಎಂದು ಕೇಳುವವರಿಗೆ ಇದೇ ಉತ್ತರ. ಈ ಗಿಡವನ್ನು ಹಿತ್ತಲಲ್ಲಿ ಹೇಗೆ ಬೆಳೆಯಬೇಕು, ಹಣ್ಣನ್ನು ಯಾವಾಗ ಆರಿಸಬೇಕು, ದನಗಳಿಂದ ಏಕೆ ದೂರ ಇಡಬೇಕು ಎಂಬುದನ್ನು ಇಲ್ಲಿ ಒಂದೊಂದಾಗಿ ನೋಡೋಣ.

ಚಿಕ್ಕದು, ದೊಡ್ಡದು

ಹೊಲದಲ್ಲಿ ತಾನಾಗಿ ಹುಟ್ಟುವ ಬುಡ್ಡೆಹಣ್ಣಿನ ಗಿಡ ಒಂದೆರಡು ಅಡಿ ಎತ್ತರ ಬರುತ್ತದೆ. ಹಣ್ಣು ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದು. ಮಳೆಗಾಲ ಮುಗಿದ ಮೇಲೆ ಗಿಡ ಒಣಗಿಹೋಗುತ್ತದೆ.

ಹಿತ್ತಲಲ್ಲಿ ಬೆಳೆಯಲು ಇದರ ದೊಡ್ಡ ಸೋದರಿ ಲಾಭಕರ. ಪಟ್ಟಣದ ಹಣ್ಣಿನ ಅಂಗಡಿಗಳಲ್ಲಿ ಸಿಪ್ಪೆಯ ಸಮೇತ ಪುಟ್ಟ ಡಬ್ಬಿಯಲ್ಲಿಟ್ಟು ಕೇಪ್ ಗೂಸ್‌ಬೆರಿ ಎಂಬ ಹೆಸರಿನಲ್ಲಿ ಮಾರುವ ಹಣ್ಣು ಇದೇ. ಹಿಂದಿಯವರು ರಸ್‌ಭರಿ ಎನ್ನುತ್ತಾರೆ. ಹೆಸರಿನಲ್ಲಿ ಗೂಸ್‌ಬೆರಿ ಇದ್ದರೂ ನಮ್ಮ ನೆಲ್ಲಿಕಾಯಿಗೂ ಇದಕ್ಕೂ ಯಾವ ನಂಟೂ ಇಲ್ಲ. ಇದರ ತವರು ದಕ್ಷಿಣ ಅಮೆರಿಕದ ಪೆರು ಸುತ್ತಮುತ್ತಲಿನ ಬೆಟ್ಟದ ಸೀಮೆ. ಆಫ್ರಿಕಾದ ದಕ್ಷಿಣ ತುದಿಯ ಕೇಪ್ ಪ್ರಾಂತ್ಯದಲ್ಲಿ ಬೆಳೆಸಿದ್ದರಿಂದ ಕೇಪ್ ಎಂಬ ಹೆಸರು ಅಂಟಿಕೊಂಡಿತು. ಈ ಲೇಖನದಲ್ಲಿ ಇದನ್ನು ದೊಡ್ಡ ಬುಡ್ಡೆಹಣ್ಣು ಎಂದೇ ಕರೆಯೋಣ.

ಇದರ ಗಿಡ ಮೂರರಿಂದ ನಾಲ್ಕು ಅಡಿ, ಆರೈಕೆ ಚೆನ್ನಾಗಿದ್ದರೆ ಇನ್ನೂ ಎತ್ತರ ಬೆಳೆಯುತ್ತದೆ. ಎಲೆ ಹೃದಯದ ಆಕಾರದ್ದು, ಮುಟ್ಟಿದರೆ ಮಖಮಲ್ಲಿನಂತೆ ಮೆತ್ತಗಿರುತ್ತದೆ. ಹೂ ಹಳದಿ, ಬುಡದಲ್ಲಿ ಕಂದು ಮಚ್ಚೆ, ಗಂಟೆಯಂತೆ ಕೆಳಗೆ ಜೋತಿರುತ್ತದೆ. ಹಣ್ಣು ಒಂದೂವರೆಯಿಂದ ಎರಡು ಸೆಂ.ಮೀ. ದಪ್ಪ. ಒಂದೊಂದು 4ರಿಂದ 10 ಗ್ರಾಂ ತೂಗುತ್ತದೆ. ಬಣ್ಣ ಅರಿಶಿನ ಕಲಸಿದ ಕಿತ್ತಳೆಯಂತೆ, ರುಚಿ ಹುಳಿ ಬೆರೆತ ಸಿಹಿ.

ತಕ್ಕಾಳಿ, ಬದನೆ, ಆಲೂಗಡ್ಡೆ, ಮೆಣಸಿನಕಾಯಿ ಇವೆಲ್ಲ ಇದರ ನೆಂಟರೇ. ಆದ್ದರಿಂದ ತಕ್ಕಾಳಿ ಬೆಳೆದು ಗೊತ್ತಿರುವವರಿಗೆ ಇದನ್ನು ಬೆಳೆಯುವುದು ಕಷ್ಟವಲ್ಲ. ಈ ನೆಂಟಸ್ತನದ ಇನ್ನೊಂದು ಮುಖವೂ ಇದೆ. ಈ ಕುಟುಂಬದ ಎಷ್ಟೋ ಗಿಡಗಳ ಹಸಿರು ಭಾಗಗಳಲ್ಲಿ ಸೊಲನಿನ್‌ನಂಥ ಕಹಿ ವಿಷಾಂಶ ಇರುತ್ತದೆ. ಬಿಸಿಲಿಗೆ ಬಿದ್ದು ಹಸಿರಾದ ಆಲೂಗಡ್ಡೆಯನ್ನು ನಾವು ತಿನ್ನದೆ ಎಸೆಯುವುದು ಇದೇ ಕಾರಣಕ್ಕೆ. ಬುಡ್ಡೆಹಣ್ಣಿನ ಎಲೆ, ಕಾಂಡ, ಹಸಿರು ಸಿಪ್ಪೆ, ಹಸಿರು ಕಾಯಿ ಎಲ್ಲವೂ ಈ ಲೆಕ್ಕಕ್ಕೇ ಸೇರುತ್ತವೆ. ತಿನ್ನಲು ಯೋಗ್ಯವಾದದ್ದು ಪೂರ್ತಿ ಮಾಗಿದ ಹಣ್ಣು ಮಾತ್ರ.

ಹೋಲುವ ಗಿಡಗಳು

ಬುಡ್ಡೆ ಇರುವುದೆಲ್ಲ ಬುಡ್ಡೆಹಣ್ಣಲ್ಲ. ಅಶ್ವಗಂಧದ ಗಿಡದಲ್ಲೂ ತೆಳು ಸಿಪ್ಪೆಯೊಳಗೆ ಕಾಯಿ ಇರುತ್ತದೆ. ಅದರ ಕಾಯಿ ಗೊಂಚಲಾಗಿ ಬಂದು, ಹಣ್ಣಾದಾಗ ಕೆಂಪಾಗುತ್ತದೆ. ಅದನ್ನು ಮಕ್ಕಳು ತಿನ್ನಬಾರದು. ಇನ್ನೊಂದು ಕಳೆಗಿಡಕ್ಕೆ ತಿಳಿನೀಲಿ ಹೂ ಬಿಡುತ್ತದೆ, ಬುಡ್ಡೆಗೆ ಐದು ಚೂಪಾದ ಅಂಚುಗಳಿರುತ್ತವೆ, ಒಳಗಿನ ಕಾಯಿ ರಸವಿಲ್ಲದೆ ಒಣಗಿ ಕಂದಾಗುತ್ತದೆ. ಅದೂ ತಿನ್ನುವ ಹಣ್ಣಲ್ಲ. ಬುಡ್ಡೆಹಣ್ಣಿನ ಹೂ ಹಳದಿ ಅಥವಾ ತಿಳಿಹಳದಿ. ಹಣ್ಣು ಒಂಟಿ. ಮಾಗಿದಾಗ ಹಳದಿ. ಈ ಮೂರು ಗುರುತುಗಳಲ್ಲಿ ಒಂದು ತಪ್ಪಿದರೂ ಬಾಯಿಗೆ ಹಾಕಬೇಡಿ ಎಂದು ಮಕ್ಕಳಿಗೆ ಹೇಳಿಕೊಡಿ.

ಹೊಲದಲ್ಲಿ ಸಿಗುವ ಹಣ್ಣಿಗಿಂತ ಹಿತ್ತಲಲ್ಲಿ ನಾವೇ ನೆಟ್ಟ ಗಿಡದ ಹಣ್ಣು ಮೇಲು ಎನ್ನುವುದಕ್ಕೆ ಇದೂ ಒಂದು ಕಾರಣ. ಯಾವ ಗಿಡ ಎಂಬ ಅನುಮಾನವಿರುವುದಿಲ್ಲ. ಹೊಲಕ್ಕೆ ಕಳೆನಾಶಕ ಹೊಡೆದಿದ್ದಾರೋ ಇಲ್ಲವೋ ಎಂಬ ಭಯವೂ ಇರುವುದಿಲ್ಲ.

ಬೀಜ, ಸಸಿ

ಮೃಗಶಿರಾ ಮಳೆಯ ಹೊತ್ತಿಗೆ ಬೀಜ ಹಾಕಿದರೆ ಪುಷ್ಯ ಮಳೆಯ ಹೊತ್ತಿಗೆ ಸಸಿ ನೆಡಲು ಬರುತ್ತದೆ. ದೀಪಾವಳಿಯ ಆಸುಪಾಸಿನಲ್ಲಿ ಮೊದಲ ಹಣ್ಣು ಕಾಣಬಹುದು. ನೀರು, ಆರೈಕೆ ಇದ್ದರೆ ಚಳಿಗಾಲವಿಡೀ ಹಣ್ಣು ಸಿಗುತ್ತಿರುತ್ತದೆ.

ಬೀಜ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಪಟ್ಟಣಕ್ಕೆ ಹೋದಾಗ ಚೆನ್ನಾಗಿ ಮಾಗಿದ ನಾಲ್ಕು ಹಣ್ಣು ತಂದರೆ ಸಾಕು. ಒಂದೊಂದರಲ್ಲೂ ನೂರಕ್ಕೂ ಹೆಚ್ಚು ಸಣ್ಣ ಬೀಜಗಳಿರುತ್ತವೆ. ಹಣ್ಣನ್ನು ಒಂದು ಲೋಟ ನೀರಿನಲ್ಲಿ ಹಿಚುಕಿ ಒಂದು ದಿನ ಬಿಡಿ. ತಳಕ್ಕೆ ಇಳಿದ ಬೀಜವನ್ನು ಎರಡು ಮೂರು ಬಾರಿ ತೊಳೆದು, ಕಾಗದದ ಮೇಲೆ ಹರಡಿ ನೆರಳಲ್ಲಿ ಒಣಗಿಸಿ.

ಒಡೆದ ಬಕೆಟ್, ಹಳೆಯ ಡಬ್ಬಿ, ತೆಂಗಿನ ಚಿಪ್ಪು ಯಾವುದಾದರೂ ಆಗುತ್ತದೆ. ತಳಕ್ಕೆ ತೂತು ಇರಲಿ. ಕೆಂಪುಮಣ್ಣು, ಮರಳು, ಪುಡಿಯಾದ ಹಳೆಯ ಗೊಬ್ಬರ ಸಮಸಮ ಬೆರೆಸಿ ತುಂಬಿ. ಬೀಜ ಬಹಳ ಸಣ್ಣದಾದ್ದರಿಂದ ಒಂದು ಹಿಡಿ ಮರಳಿನಲ್ಲಿ ಕಲಸಿ ಚೆಲ್ಲಿ, ಮೇಲೆ ಕಾಣೀಕಾಣದಷ್ಟು ಮಣ್ಣು ಉದುರಿಸಿ. ಆಳಕ್ಕೆ ಹಾಕಿದರೆ ಮೊಳೆಯುವುದಿಲ್ಲ. ಕೈಯಲ್ಲಿ ನೀರು ಚಿಮುಕಿಸಿ. ಮೊಳಕೆ ಬರಲು ಎರಡು ವಾರ, ಕೆಲವೊಮ್ಮೆ ಮೂರು ವಾರವೂ ಹಿಡಿಯುತ್ತದೆ. ಬರಲಿಲ್ಲವೆಂದು ಹತ್ತನೆಯ ದಿನಕ್ಕೇ ಮಣ್ಣು ಕೆದಕಬೇಡಿ. ನಾಲ್ಕರಿಂದ ಆರು ಎಲೆ ಬಂದ ಸಸಿ ನೆಡಲು ಸಿದ್ಧ.

ಎಲ್ಲಿ ನೆಡಬೇಕು?

ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳುವ, ನೀರು ನಿಲ್ಲದ ಜಾಗ ಬೇಕು. ಹೋದ ವರ್ಷ ತಕ್ಕಾಳಿ, ಬದನೆ, ಮೆಣಸಿನಕಾಯಿ ಇದ್ದ ಮಡಿಯಲ್ಲಿ ಬೇಡ. ಒಂದೇ ಕುಟುಂಬವಾದ್ದರಿಂದ ಅವುಗಳ ರೋಗ ಮಣ್ಣಿನಲ್ಲಿ ಉಳಿದು ಇದಕ್ಕೂ ತಗಲುತ್ತದೆ. ಅವರೆ, ಹುರುಳಿಕಾಯಿ ಅಥವಾ ಸೊಪ್ಪು ಬೆಳೆದಿದ್ದ ಮಡಿ ಒಳ್ಳೆಯದು.

ಕೊಟ್ಟಿಗೆಯ ಗಂಜಲ ಹರಿದು ಬರುವ ಕಾಲುವೆಯ ಬಾಯಲ್ಲಿ ನೆಡಬೇಡಿ. ಹಸುವಿನ ಹಗ್ಗ ನಿಲುಕುವಷ್ಟು ಹತ್ತಿರವೂ ಬೇಡ. ಕರು, ಮೇಕೆ ಬಿಡುವ ಮನೆಯಾದರೆ ಮುಳ್ಳಿನ ಬೇಲಿಯೋ ಹಳೆಯ ಬಲೆಯೋ ಸುತ್ತಲೂ ಇರಲಿ. ಹೊಸದಾಗಿ ಮೇವು ಕಲಿಯುತ್ತಿರುವ ಕರು ಕಂಡದ್ದನ್ನೆಲ್ಲ ಬಾಯಿಗೆ ಹಾಕುತ್ತದೆ.

ಗಿಡದಿಂದ ಗಿಡಕ್ಕೆ ಮೂರು ಅಡಿ ಅಂತರ ಬಿಡಿ. ಮೊದಲ ವರ್ಷ ನಾಲ್ಕು ಗಿಡ ಸಾಕು. ಒಂದು ಮನೆಯ ಮಕ್ಕಳು ತಿನ್ನಲು ಅಷ್ಟು ಗಿಡದ ಹಣ್ಣು ಧಾರಾಳ.

ಗೊಬ್ಬರ ಹೆಚ್ಚಾದರೆ ಬರೀ ಎಲೆ

ಹಸು ಸಾಕುವವರ ಮನೆಯಲ್ಲಿ ಸಗಣಿಗೆ ಬರವಿಲ್ಲ. ಈ ಗಿಡದ ಮಟ್ಟಿಗೆ ಅದೇ ತೊಂದರೆ. ಗೊಬ್ಬರ ಅತಿಯಾದರೆ ಗಿಡ ಆಳೆತ್ತರಕ್ಕೆ ಹಸಿರಾಗಿ ಬೆಳೆಯುತ್ತದೆ, ಹಣ್ಣು ಮಾತ್ರ ಬೆರಳೆಣಿಕೆಯಷ್ಟು. ಒಂದು ಅಡಿ ಗುಂಡಿಗೆ ಎರಡು ಬೊಗಸೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಒಲೆಯ ಬೂದಿ ಹಾಕಿದರೆ ಸಾಕು. ಹೂ ಬಿಡುವಾಗ ಬುಡಕ್ಕೆ ಇನ್ನೊಂದು ಬೊಗಸೆ ಕೊಡಿ.

ಹಸಿ ಸಗಣಿ ಹಾಕಲೇಬಾರದು. ಇದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ಹಸಿ ಸಗಣಿಗೆ ಗೊಣ್ಣೆಹುಳು ಬಂದು ಬೇರು ಕಡಿಯುತ್ತದೆ. ಎರಡನೆಯದು ಇನ್ನೂ ಮುಖ್ಯ. ಈ ಗಿಡದ ಹಣ್ಣು ನೆಲಕ್ಕೆ ಉದುರುತ್ತದೆ, ನಾವು ಅದನ್ನು ನೆಲದಿಂದಲೇ ಆರಿಸಿ ಹಸಿಯಾಗಿ ತಿನ್ನುತ್ತೇವೆ. ಹಸಿ ಸಗಣಿಯಲ್ಲಿ ಭೇದಿ ತರುವ ರೋಗಾಣುಗಳಿರುತ್ತವೆ. ಗುಂಡಿಯಲ್ಲಿ ಕನಿಷ್ಠ ನಾಲ್ಕು ತಿಂಗಳು ಕಳಿತ, ಸಗಣಿಯ ವಾಸನೆ ಹೋಗಿ ಮಣ್ಣಿನ ವಾಸನೆ ಬಂದ ಗೊಬ್ಬರವನ್ನೇ ಬಳಸಿ. ಗೋಬರ್ ಗ್ಯಾಸಿನ ಬಗ್ಗಡ, ಜೀವಾಮೃತ ಕೊಡುವ ಅಭ್ಯಾಸವಿದ್ದರೆ ಗಿಡ ಹೂ ಬಿಟ್ಟ ಮೇಲೆ ನಿಲ್ಲಿಸಿಬಿಡಿ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಕಂದು ಹಾಕಿದ ಹಸುವಿನ ಮಾಸು, ಸತ್ತ ಕರು, ಅದರಡಿಯ ಹುಲ್ಲು ಯಾವುದೂ ಗೊಬ್ಬರದ ಗುಂಡಿಗೆ ಹೋಗಬಾರದು. ಕಂದು ರೋಗದ ಅಂದರೆ ಬ್ರುಸೆಲ್ಲೋಸಿಸ್‌ನ ರೋಗಾಣು ಮನುಷ್ಯರಿಗೂ ಅಂಟುತ್ತದೆ. ಅವನ್ನು ಬರಿಗೈಯಲ್ಲಿ ಮುಟ್ಟದೆ, ಮನೆಯಿಂದ ದೂರ ಆಳದ ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಬೇಕು. ಹಿತ್ತಲಿನ ತರಕಾರಿ, ಹಣ್ಣು ಶುದ್ಧವಾಗಿರಬೇಕಾದರೆ ಗೊಬ್ಬರದ ಗುಂಡಿ ಶುದ್ಧವಾಗಿರಬೇಕು.

ನೀರು, ಆಸರೆ, ಹುಳು

ಮಳೆ ಇಲ್ಲದಾಗ ಮೂರು ನಾಲ್ಕು ದಿನಕ್ಕೊಮ್ಮೆ ನೀರು ಕೊಡಿ. ಒಣಗಿಸಿ ಒಣಗಿಸಿ ಒಮ್ಮೆಲೇ ಹೆಚ್ಚು ನೀರು ಬಿಟ್ಟರೆ ಹಣ್ಣು ಬಿರಿಯುತ್ತದೆ. ಹಾಲಿನ ಪಾತ್ರೆಯನ್ನು ಬರೀ ನೀರಿನಲ್ಲಿ ಮೊದಲು ಜಾಲಿಸಿದ ನೀರನ್ನು ಹಾಕಬಹುದು. ಸೋಡಾ, ಸೋಪು ಹಾಕಿ ತೊಳೆದ ನೀರು ಬೇಡ.

ಈ ಗಿಡದ ಕೊಂಬೆ ಮೆದು, ಹಣ್ಣಿನ ಭಾರಕ್ಕೆ ನೆಲಕ್ಕೆ ಒರಗುತ್ತದೆ. ನಾಲ್ಕು ಅಡಿಯ ಕೋಲು ನೆಟ್ಟು, ಹಳೆಯ ಬಟ್ಟೆಯ ಪಟ್ಟಿಯಿಂದ ಸಡಿಲವಾಗಿ ಕಟ್ಟಿ. ಬುಡದ ಹತ್ತಿರ ಒತ್ತಾಗಿ ಬಂದ ಚಿಗುರುಗಳನ್ನು ತೆಗೆದರೆ ಗಾಳಿ ಆಡುತ್ತದೆ, ಉದುರಿದ ಹಣ್ಣು ಕಣ್ಣಿಗೆ ಕಾಣುತ್ತದೆ. ಹೂ ಬಿಟ್ಟಾಗ ಬೆಳಗಿನ ಹೊತ್ತು ಕೊಂಬೆಯನ್ನು ಮೆಲ್ಲಗೆ ಅಲುಗಿಸಿದರೆ ಕಾಯಿ ಚೆನ್ನಾಗಿ ಕಟ್ಟುತ್ತದೆ.

ತಕ್ಕಾಳಿಗೆ ಬರುವ ಬಿಳಿನೊಣ, ಕಾಯಿಕೊರಕ, ಎಲೆ ಮುದುಡು ರೋಗ ಇದಕ್ಕೂ ಬರಬಹುದು. ಎಲೆಯ ತಳಭಾಗವನ್ನು ವಾರಕ್ಕೊಮ್ಮೆ ತಿರುವಿ ನೋಡಿ. ಬಿಳಿನೊಣ ಕಂಡರೆ 1 ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಚಿಟಿಕೆ ಸೋಪಿನ ಪುಡಿ ಕಲಸಿ ಸಂಜೆ ಸಿಂಪಡಿಸಿ. ಎಲೆ ಮುದುಡಿ ಗಿಡ ಗಿಡ್ಡಗಾದರೆ ಅದನ್ನು ಬೇರುಸಮೇತ ಕಿತ್ತುಬಿಡಿ, ಉಳಿದ ಗಿಡಗಳಾದರೂ ಉಳಿಯುತ್ತವೆ. ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವವರು ಕೈತೊಳೆದು ಗಿಡ ಮುಟ್ಟಿ. ಹೊಗೆಸೊಪ್ಪೂ ಇದೇ ಕುಟುಂಬದ್ದು, ಅದರ ನಂಜುರೋಗ ಕೈಯಿಂದ ಗಿಡಕ್ಕೆ ದಾಟುತ್ತದೆ.

ಹಸುವಿನ ಉಣ್ಣೆಗೆಂದು ಕೊಟ್ಟ ಔಷಧಿ ಬಾಟಲಿಯಲ್ಲಿ ಉಳಿದಿದ್ದರೆ ಅದನ್ನು ಗಿಡಕ್ಕೆ ಹೊಡೆಯುವ ಯೋಚನೆ ಖಂಡಿತ ಬೇಡ. ಅದು ದನದ ಮೈಮೇಲೆ ಹಚ್ಚಲು ಲೆಕ್ಕಹಾಕಿ ಮಾಡಿದ ವಿಷ. ಅದನ್ನು ಹೊಡೆದ ಗಿಡದ ಹಣ್ಣನ್ನು ತಿನ್ನುವವರು ನಿಮ್ಮ ಮಕ್ಕಳು.

ಕೊಯ್ಲು: ಕೀಳಬೇಡಿ, ಆರಿಸಿ

ಮಾವು, ಸೀಬೆಯನ್ನು ನಾವು ಕೊಂಬೆಯಿಂದ ಕೀಳುತ್ತೇವೆ. ಇದು ಹಾಗಲ್ಲ. ಇದು ಮಾಗಿದೆಯೋ ಇಲ್ಲವೋ ಎಂಬುದನ್ನು ಗಿಡವೇ ಹೇಳುತ್ತದೆ.

ಹೂ ಉದುರಿದ ಮೇಲೆ ಅದರ ತೊಟ್ಟಿನ ಹಸಿರು ಬಟ್ಟಲು ಉಬ್ಬಿ ಬುಡ್ಡೆಯಾಗುತ್ತದೆ. ಮೊದಲು ಬುಡ್ಡೆ ದೊಡ್ಡದಾಗುತ್ತದೆ, ಆಮೇಲೆ ಒಳಗಿನ ಕಾಯಿ ನಿಧಾನವಾಗಿ ಬೆಳೆಯುತ್ತದೆ. ಹೀಗಾಗಿ ಬುಡ್ಡೆ ದೊಡ್ಡದಾಯಿತೆಂದು ಕಿತ್ತರೆ ಒಳಗೆ ಸಿಗುವುದು ಹಸಿರು ಎಳೆಗಾಯಿ. ದೊಡ್ಡ ಬುಡ್ಡೆಹಣ್ಣಿನಲ್ಲಿ ಹೂವಿನಿಂದ ಹಣ್ಣಾಗಲು ಎರಡರಿಂದ ಎರಡೂವರೆ ತಿಂಗಳು ಬೇಕು. ಆ ಹೊತ್ತಿಗೆ ಬುಡ್ಡೆಯ ಬಣ್ಣ ಹಸಿರಿನಿಂದ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ, ಮುಟ್ಟಿದರೆ ಕಾಗದದಂತೆ ಸರಸರ ಎನ್ನುತ್ತದೆ. ಪೂರ್ತಿ ಮಾಗಿದ ಹಣ್ಣು ಬುಡ್ಡೆಯ ಸಮೇತ ತಾನಾಗಿ ಉದುರುತ್ತದೆ. ಕೊಂಬೆಯನ್ನು ಮೆಲ್ಲಗೆ ಅಲುಗಿಸಿದಾಗ ಬಿದ್ದರೆ ಅದೂ ಸರಿ. ಎಳೆದರೂ ಬರದಿದ್ದರೆ ಇನ್ನೂ ಕಾಲವಿದೆ ಎಂದರ್ಥ.

ಹಣ್ಣು ಉದುರಲು ಶುರುವಾಗುವ ಮುಂಚೆ ಗಿಡದ ಬುಡದಲ್ಲಿ ಶುದ್ಧವಾದ ಒಣಹುಲ್ಲು ಹಾಸಿ. ಹಳೆಯ ಸೀರೆಯನ್ನೋ ಒಗೆದ ಗೋಣಿಯನ್ನೋ ಹರಡಿದರೂ ಆಗುತ್ತದೆ. ಹಣ್ಣಿಗೆ ಮಣ್ಣು ಮೆತ್ತುವುದಿಲ್ಲ, ಆರಿಸಲು ಸೊಂಟ ನೋಯುವಷ್ಟು ಹುಡುಕಬೇಕಿಲ್ಲ. ಸೀರೆ ಹರಡಿದ್ದರೆ ನಾಲ್ಕು ಮೂಲೆ ಹಿಡಿದು ಎತ್ತಿದರೆ ಕೊಯ್ಲು ಮುಗಿಯಿತು. ದಿನ ಬಿಟ್ಟು ದಿನ, ಬೆಳಗಿನ ಹಾಲು ಕೊಟ್ಟು ಬಂದ ಮೇಲೆ ಆರಿಸಿದರೆ ಸಾಕು. ಮಳೆ ಬಂದರೆ ಅಂದೇ ಆರಿಸಿ. ತೇವದಲ್ಲಿ ಬಿದ್ದಿದ್ದರೆ ಬುಡ್ಡೆಯೊಳಗೆ ಬೂಸ್ಟು ಹಿಡಿಯುತ್ತದೆ.

ಆರಿಸಿದ ಮೇಲೆ ಮೂರು ಪಾಲು ಮಾಡಿ. ಬುಡ್ಡೆ ಒಣಗಿ ಹಣ್ಣು ಚೆನ್ನಾಗಿ ಹಳದಿಯಾಗಿದ್ದರೆ ತಿನ್ನಲು ಸಿದ್ಧ. ಉದುರಿದ್ದರೂ ಹಣ್ಣಿನಲ್ಲಿ ಹಸಿರು ಉಳಿದಿದ್ದರೆ ಬುಡ್ಡೆಯ ಸಮೇತ ಮೊರದಲ್ಲಿ ಒಂದೇ ಪದರವಾಗಿ ಹರಡಿ ಒಂದು ವಾರ ಬಿಡಿ, ಹಳದಿಗೆ ತಿರುಗಿದ ಮೇಲೆ ತಿನ್ನಿ. ತೂತು ಬಿದ್ದದ್ದು, ಬೂಸ್ಟು ಬಂದದ್ದು, ವಾರ ಕಳೆದರೂ ಹಸಿರಾಗೇ ಉಳಿದದ್ದು ಗೊಬ್ಬರದ ಗುಂಡಿಗೆ.

ಇಡುವುದು, ತಿನ್ನುವುದು

ಬುಡ್ಡೆಯೇ ಈ ಹಣ್ಣಿನ ಡಬ್ಬಿ. ಬುಡ್ಡೆ ಬಿಡಿಸದೆ, ತೊಳೆಯದೆ, ಗಾಳಿಯಾಡುವ ಬುಟ್ಟಿಯಲ್ಲಿ ಒಣಜಾಗದಲ್ಲಿಟ್ಟರೆ ಎರಡು ಮೂರು ವಾರ ಕೆಡುವುದಿಲ್ಲ. ಫ್ರಿಜ್ಜಿನಲ್ಲಿ ಇನ್ನೂ ಹೆಚ್ಚು ದಿನ ಬರುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ಬೆವೆತು ಕೊಳೆಯುತ್ತದೆ. ತಿನ್ನುವಾಗ ಬುಡ್ಡೆ ಬಿಡಿಸಿ, ಹಣ್ಣಿನ ಮೇಲಿನ ಜಿಗುಟು ಹೋಗುವ ಹಾಗೆ ನೀರಿನಲ್ಲಿ ಉಜ್ಜಿ ತೊಳೆಯಬೇಕು.

100 ಗ್ರಾಂ ಹಣ್ಣಿನಲ್ಲಿ ಸುಮಾರು 11 ಮಿ.ಗ್ರಾಂ 'ಸಿ' ಜೀವಸತ್ವ ಇರುತ್ತದೆ, 'ಎ' ಜೀವಸತ್ವವಾಗುವ ಹಳದಿ ಅಂಶವೂ ಇದೆ. ನೆಲ್ಲಿಕಾಯಿ, ಸೀಬೆಗೆ ಹೋಲಿಸಿದರೆ 'ಸಿ' ಕಡಿಮೆಯೇ. ಹಾಗಾಗಿ ಇದನ್ನು ಔಷಧಿ ಎಂದು ಭಾವಿಸಬೇಡಿ. ಶಾಲೆಯಿಂದ ಬಂದ ಮಗು ಪ್ಯಾಕೆಟ್ ತಿಂಡಿಯ ಬದಲು ಒಂದು ಹಿಡಿ ಹಣ್ಣು ತಿಂದರೆ ಅದೇ ದೊಡ್ಡ ಲಾಭ. ಮೊದಲ ಸಲ ತಿನ್ನುವವರು ಎರಡು ಮೂರು ಹಣ್ಣಿನಿಂದ ಶುರುಮಾಡಿ. ಎಲೆ, ಬೇರಿನ ಕಷಾಯ ಕುಡಿಯಿರಿ ಎಂದು ಯಾರಾದರೂ ಹೇಳಿದರೆ ವೈದ್ಯರನ್ನು ಕೇಳದೆ ಕುಡಿಯಬೇಡಿ, ಬಸುರಿಯರಂತೂ ಬೇಡವೇ ಬೇಡ. ಮಗು ಹಸಿರು ಕಾಯಿ ತಿಂದು ಹೊಟ್ಟೆನೋವು, ವಾಂತಿ, ಭೇದಿ ಕಂಡರೆ ಗಿಡದ ಒಂದು ರೆಂಬೆಯನ್ನೂ ಜೊತೆಗೆ ಹಿಡಿದು ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ.

ಹಣ್ಣು ಹೆಚ್ಚು ಸಿಕ್ಕಾಗ ಜಾಮ್ ಮಾಡಬಹುದು. 1 ಕೆ.ಜಿ. ಹಣ್ಣಿಗೆ ಮುಕ್ಕಾಲು ಕೆ.ಜಿ. ಸಕ್ಕರೆ, ಒಂದು ನಿಂಬೆಹಣ್ಣಿನ ರಸ, ಕಾಲು ಲೋಟ ನೀರು. ಹಣ್ಣನ್ನು ನೀರಿನಲ್ಲಿ ಬೇಯಿಸಿ ಮಸೆದು, ಸಕ್ಕರೆ, ನಿಂಬೆರಸ ಹಾಕಿ ಸಣ್ಣ ಉರಿಯಲ್ಲಿ ಕೈಯಾಡಿಸಿ. ತಣ್ಣನೆಯ ತಟ್ಟೆಯ ಮೇಲೆ ಒಂದು ಹನಿ ಹಾಕಿದರೆ ಹರಿಯದೆ ನಿಲ್ಲಬೇಕು. ಕುದಿನೀರಿನಲ್ಲಿ ತೊಳೆದು ಒಣಗಿಸಿದ ಬಾಟಲಿಗೆ ಬಿಸಿಯಿರುವಾಗಲೇ ತುಂಬಿ. ತಕ್ಕಾಳಿಯ ಬದಲು ಹಾಕಿ ಗೊಜ್ಜೂ ಮಾಡಬಹುದು. ಗಟ್ಟಿ ಮೊಸರಿನ ಜೊತೆ ಚೆನ್ನಾಗಿರುತ್ತದೆ. ಬಿಸಿ ಹಾಲಿಗೆ ಮಾತ್ರ ಹಾಕಬೇಡಿ, ಹುಳಿಗೆ ಹಾಲು ಒಡೆಯುತ್ತದೆ.

ಮಾರುವ ಯೋಚನೆ ಇರುವವರು ಮೊದಲ ವರ್ಷ ಮನೆಗೆ ಬೆಳೆದು ನೋಡಿ. ಹತ್ತಿರದ ಪಟ್ಟಣದ ಹಣ್ಣಿನ ಅಂಗಡಿಯಲ್ಲಿ ಕೊಳ್ಳುತ್ತಾರೆಯೇ, ಎಷ್ಟಕ್ಕೆ ಎಂದು ವಿಚಾರಿಸಿದ ಮೇಲೆಯೇ ಹೆಚ್ಚು ಗಿಡ ನೆಡಿ. ಬುಡ್ಡೆಯ ಸಮೇತ ಇರುವ, ಒಂದೇ ಗಾತ್ರದ, ಒಣಗಿದ ಹಣ್ಣಿಗೆ ಬೇಡಿಕೆ ಇರುತ್ತದೆ.

ಇನ್ನು ಹಸುವಿನ ಮಾತು

ಹಸು ಬಯಲಿನಲ್ಲಿ ಮೇಯುವಾಗ ಈ ಗಿಡವನ್ನು ಮೂಸಿ ಬಿಟ್ಟುಹೋಗುವುದೇ ಹೆಚ್ಚು. ಕಹಿ ಅದಕ್ಕೂ ಗೊತ್ತಾಗುತ್ತದೆ. ಹಾಗಿದ್ದ ಮೇಲೆ ತೊಂದರೆ ಎಲ್ಲಿಂದ ಬರುತ್ತದೆ? ನಾವು ಆರಿಸಿಕೊಳ್ಳುವ ಅವಕಾಶವನ್ನೇ ಅದಕ್ಕೆ ಕೊಡದಿದ್ದಾಗ ಬರುತ್ತದೆ. ಕಳೆಯ ಹೊರೆಯನ್ನು ಹಾಗೇ ಮೇವು ಕತ್ತರಿಸುವ ಯಂತ್ರಕ್ಕೆ ಕೊಟ್ಟರೆ ಬುಡ್ಡೆಗಿಡ, ಉಮ್ಮತ್ತಿ, ಹುಲ್ಲು ಎಲ್ಲ ಒಂದೇ ಚೂರುಗಳಾಗುತ್ತವೆ. ಮೇಲೆ ಒಂದು ಬೊಗಸೆ ಹಿಂಡಿ ಉದುರಿಸಿದರೆ ಹಸಿದ ಹಸು ಎಲ್ಲವನ್ನೂ ತಿನ್ನುತ್ತದೆ. ಆದ್ದರಿಂದ ಯಂತ್ರಕ್ಕೆ ಕೊಡುವ ಮುಂಚೆ ಹೊರೆ ಬಿಚ್ಚಿ ಅಗಲ ಎಲೆಯ ಕಳೆಗಳನ್ನು ಬೇರೆ ಮಾಡಿ. ಹತ್ತು ನಿಮಿಷದ ಕೆಲಸ ಇದು. ರಸಮೇವು ಮಾಡುವವರೂ ಇದೇ ಎಚ್ಚರ ವಹಿಸಬೇಕು. ಗುಂಡಿಯಲ್ಲಿ ಹುಳಿ ಬಂದರೆ ವಿಷವೆಲ್ಲ ಹೋಗುತ್ತದೆಂದು ನಂಬಬಾರದು. ಒಣಗಿಸಿದರೂ ಅಷ್ಟೇ.

ಎರಡನೆಯ ದಾರಿ ಅಡುಗೆಮನೆಯದು. ಬಿಡಿಸಿದ ಬುಡ್ಡೆ, ಆರಿಸಿ ಬಿಟ್ಟ ಹಸಿರು ಕಾಯಿ, ಮೊಳಕೆ ಬಂದ ಅಥವಾ ಹಸಿರಾದ ಆಲೂಗಡ್ಡೆ, ಅದರ ಸಿಪ್ಪೆ ಇವು ಕಲಗಚ್ಚಿನ ಬಕೆಟ್ಟಿಗೆ ಬೀಳಬಾರದು. ಹಾಸನದ ಕಡೆಯಂತೆ ಆಲೂಗಡ್ಡೆ ಬೆಳೆಯುವ ಊರುಗಳಲ್ಲಿ ಇದನ್ನು ಇನ್ನೂ ನೆನಪಿಡಬೇಕು. ಮೂರನೆಯದು ಹಂಗಾಮು ಮುಗಿದ ಮೇಲೆ ಕಿತ್ತ ಗಿಡ. ಅದು ಹಸಿರಾಗಿ ಚೆನ್ನಾಗಿಯೇ ಕಾಣುತ್ತದೆ, ಗೋದಲಿಗೆ ಹಾಕಲು ಕೈ ಹೋಗುತ್ತದೆ. ಅದರ ಜಾಗ ಗೊಬ್ಬರದ ಗುಂಡಿ.

ಹೊರೆಯಲ್ಲಿ ಒಂದೆರಡು ಗಿಡ ಸೇರಿಹೋದರೆ ಗಾಬರಿ ಬೇಡ. ಹೆಚ್ಚು ತಿಂದ ಅನುಮಾನವಿದ್ದು, ಹಸು ಮೇವು ಬಿಟ್ಟು ಮಂಕಾಗಿ ನಿಂತರೆ, ಜೊಲ್ಲು ಸುರಿಸಿದರೆ, ಭೇದಿ ಕಂಡರೆ, ನಡೆಯುವಾಗ ತೂರಾಡಿದರೆ ತಡಮಾಡಬೇಡಿ. ಆ ಮೇವನ್ನು ಕೂಡಲೇ ತೆಗೆದುಬಿಡಿ. ನೆರಳಿನಲ್ಲಿ ಕಟ್ಟಿ, ಕುಡಿಯಲು ನೀರು ಮುಂದಿಡಿ. ಎಣ್ಣೆ, ಮಜ್ಜಿಗೆ, ಉಪ್ಪುನೀರು ಯಾವುದನ್ನೂ ಗೊಟ್ಟದಲ್ಲಿ ಹೊಯ್ಯಬೇಡಿ. ನಿತ್ರಾಣವಾದ ಹಸು ಸರಿಯಾಗಿ ನುಂಗಲಾರದು, ಹೊಯ್ದದ್ದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ಪಶುವೈದ್ಯರಿಗೆ ಅಥವಾ 1962 ಸಹಾಯವಾಣಿಗೆ ಕರೆಮಾಡಿ, ಉಳಿದ ಮೇವನ್ನು ತೋರಿಸಲು ತೆಗೆದಿಡಿ. ವೈದ್ಯರು ಹೇಳುವವರೆಗೆ ಆ ಹಸುವಿನ ಹಾಲನ್ನು ಮನೆಗೂ ಬಳಸಬೇಡಿ, ಸಂಘಕ್ಕೂ ಹಾಕಬೇಡಿ.

ನೆನಪಿಡಿ

ತಿನ್ನುವುದು ಬುಡ್ಡೆ ಒಣಗಿ ತಾನಾಗಿ ಉದುರಿದ ಹಳದಿ ಹಣ್ಣು ಮಾತ್ರ.
ಹಸಿ ಸಗಣಿ ಬೇಡ, ನಾಲ್ಕು ತಿಂಗಳು ಕಳಿತ ಗೊಬ್ಬರ, ಅದೂ ಮಿತವಾಗಿ.
ಉಣ್ಣೆಯ ಔಷಧಿ ದನಕ್ಕೆ ಮಾತ್ರ, ಗಿಡಕ್ಕಲ್ಲ.
ಗಿಡ, ಎಲೆ, ಬುಡ್ಡೆ, ಹಸಿರು ಕಾಯಿ ಗೊಬ್ಬರದ ಗುಂಡಿಗೆ. ಗೋದಲಿಗೂ ಬೇಡ, ಕಲಗಚ್ಚಿಗೂ ಬೇಡ.
ಕಳೆಯ ಹೊರೆಯನ್ನು ಬಿಚ್ಚಿ ನೋಡದೆ ಯಂತ್ರಕ್ಕೆ ಕೊಡಬೇಡಿ.

ಒಂದು ಹಣ್ಣಿನ ಬೀಜ ಇಡೀ ಸಂಘದ ಸದಸ್ಯೆಯರಿಗೆ ಸಾಲುತ್ತದೆ. ನಿಮ್ಮ ಗಿಡ ಹಣ್ಣು ಬಿಟ್ಟಾಗ ಚೆನ್ನಾಗಿ ಮಾಗಿದ ಒಂದೆರಡನ್ನು ಬೀಜಕ್ಕೆಂದು ತೆಗೆದಿಟ್ಟು, ಹಾಲು ಹಾಕಲು ಬಂದ ಅಕ್ಕಪಕ್ಕದವರಿಗೆ ಕಾಗದದ ಪೊಟ್ಟಣದಲ್ಲಿ ಹಂಚಿ. ಹಂಚುವಾಗ ಹಸುವಿಗೆ ಈ ಗಿಡ ಹಾಕಬೇಡಿ ಎಂಬ ಮಾತನ್ನೂ ಮರೆಯದೆ ಹೇಳಿ.